ಹನ್ನೆರಡನೆಯ ಅಕ್ಷರದ ಆಚೆ

10 ಜನವರಿ, ಶುಕ್ರವಾರ

…ಖಾಲಿ ಬಿಡುವುದಕ್ಕೆ ಇದೇನು ಶಿವಾಜಿ ಪಾರ್ಕಾ ಎಂದೋ, ಆಜಾದ್ ಮೈದಾನವಾ ಎಂದೋ. ಮಾತು ಪೂರ್ತಿ ನೆನಪಿಗೆ ಬರುತ್ತಿಲ್ಲ. ಆಡಿದವನು ಶಶಿಕಾಂತನೇ ಇರಬೇಕು. ಅಂಥದ್ದನ್ನು ಹೇಳಿ ತಾನೇ ಮೊದಲು ನಗುವವನು ನಮ್ಮ ಕಂಪನಿಯಲ್ಲಿ ಮಾಲೀಕನೊಬ್ಬನೇ. ನಿನ್ನೆ ಪ್ರೆಸ್ಸಿನ ಮುಂದೆ ನಿಂತಿದ್ದಾಗ ಅದು ಯಾಕೆ ಕಿವಿಯಲ್ಲಿ ತಿರುಗುತ್ತಿತ್ತೋ ತಿಳಿಯದು.

ನಿನ್ನೆ ಹನ್ನೊಂದೂವರೆಗೆ ಸಾಕಿನಾಕಾದ ಒಂದು ಶೆಡ್ಡಿನಿಂದ ಫೋನು. ನಲವತ್ತು ಟನ್ನಿನ ಪವರ್ ಪ್ರೆಸ್ಸು, ಫ್ಯಾನಿಗೆ ಹಾಕುವ ತಗಡಿನ ಪಟ್ಟಿ ಹೊಡೆಯುವುದು. ಅದರ ಕಂಟ್ರೋಲ್ ಡಬ್ಬಿ ನಮ್ಮದು. ಆಪರೇಟರನ ಬಲಗೈ ಅಚ್ಚಿನ ಕೆಳಗೆ ಹೋಗಿತ್ತು. ಮಲಾಡಿನ ಆಫೀಸಿನಿಂದ ನಾನೂ ಶಶಿಕಾಂತನೂ ತಲುಪುವಷ್ಟರಲ್ಲಿ ಅವನನ್ನು ಆಸ್ಪತ್ರೆಗೆ ಸಾಗಿಸಿದ್ದರು. ಕೈಯ ಸ್ವಲ್ಪ ಭಾಗ ಉಳಿದಿತ್ತು. ತಗಡಿನ ಜೊತೆ ಸೇರಿ ಪಟ್ಟಿಯ ಆಕಾರಕ್ಕೆ ಬಂದಿತ್ತು: ಎರಡು ತೂತು, ಒಂದು ಬಾಗು. ಅಚ್ಚು ಹರಿತವಾಗಿದೆ, ಅಂಚು ಎಲ್ಲೂ ಹರಿದಿರಲಿಲ್ಲ. ಒಬ್ಬ ಮರದ ಹೊಟ್ಟು ಎರಚಿದ. ಹೊಟ್ಟು ಕೆಂಪಾಯಿತು. ಇನ್ನೊಂದು ಬುಟ್ಟಿ ಎರಚಿದ. ಶೆಡ್ಡಿನ ಉಳಿದ ಏಳು ಪ್ರೆಸ್ಸುಗಳ ಅಚ್ಚು ತಗಡಿನ ಮೇಲೆ ಬೀಳುತ್ತಲೇ ಇದ್ದವು.

ನಮ್ಮ ಡಬ್ಬಿಯ ಕೆಲಸ ಇಷ್ಟೇ. ಅಚ್ಚಿನ ಮುಂದೆ ಒಂದು ಬದಿಯಿಂದ ಸೆನ್ಸರು ಬೆಳಕು ಬಿಡುತ್ತದೆ, ಇನ್ನೊಂದು ಬದಿಯ ಕನ್ನಡಿಗೆ ಬಡಿದು ಅದು ವಾಪಸು ಬರಬೇಕು. ನಡುವೆ ಕೈ ಬಂದರೆ ಬೆಳಕು ಕಡಿಯುತ್ತದೆ. ಕಡಿದಾಗ, ಕಾಲು ಪೆಡಲ್ ಒತ್ತಿದರೂ ಪ್ರೆಸ್ಸು ಬೀಳಬಾರದು. ಈ ‘ಬೀಳಬಾರದು’ ಎಂಬುದನ್ನು ಹತ್ತೊಂಬತ್ತು ವರ್ಷದಿಂದ ನಾನು ಬರೆಯುತ್ತಿದ್ದೇನೆ.

“ಆಪ್ ಕಾ ಡಬ್ಬಾ ಸೋ ರಹಾ ಥಾ ಕ್ಯಾ?” ಎಂದು ಸೂಪರ್‌ವೈಜರ್ ನನ್ನ ಕಾಲರ್ ಹಿಡಿದ. ಡಬ್ಬಿ ಮಲಗಿರಲಿಲ್ಲ. ಹಸಿರು ದೀಪ ಉರಿಯುತ್ತಿತ್ತು. ಪರದೆಯ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ ಆಪರೇಟರನ ಹೆಸರೂ ಇತ್ತು: ಶಿವಪುತ್ರ ಎಂ.

ಶಶಿಕಾಂತ ಸೆನ್ಸರಿನ ಹತ್ತಿರ ಕುಕ್ಕರುಗಾಲಲ್ಲಿ ಕುಳಿತು ಬ್ಯಾಗು ತೆರೆದ. ಟೇಪು ಎಳೆದಂತೆ ಚರ್ರೆಂದಿತು. ನಾನು ಆಗ ಕಿಟಕಿಯ ಕಡೆ ನೋಡುತ್ತಿದ್ದೆ. ಮೇಲೆ ಮೆಟ್ರೊ ಹೋಗುತ್ತಿತ್ತು, ಎಲ್ಲ ಬೋಗಿಯಲ್ಲೂ ಜನ ನಿಂತಿದ್ದರು.

12 ಜನವರಿ, ಭಾನುವಾರ

ನಿನ್ನೆ ದಾದರಿನಿಂದ ಮಲಾಡಿಗೆ ಹೋಗುವ ಲೋಕಲ್ ರೈಲಿನಲ್ಲಿ ನಾಲ್ಕನೇ ಸೀಟಿಗೆ ಜಗಳ. ಮೂರು ಜನರ ಬೆಂಚು. ನಾಲ್ಕನೆಯವನು ಅಂಚಿನಲ್ಲಿ ಅರ್ಧ ಕುಂಡೆ ಊರುವುದು ಇಲ್ಲಿನ ಕಾನೂನು. ಬೆಂಚಿನವನೊಬ್ಬ ಸರಿಯಲಿಲ್ಲ. ನಿಂತಿದ್ದವನು ಅವನ ಕೂದಲು ಹಿಡಿದು ಕಿಟಕಿಯ ಸರಳಿಗೆ ಮೂರು ಸಲ ಬಡಿದ. ಒಂದು ಹಲ್ಲು ಉರುಳುತ್ತಾ ನನ್ನ ಚಪ್ಪಲಿಯ ಹತ್ತಿರ ಬಂತು. ಅಂಧೇರಿಯಲ್ಲಿ ಇಬ್ಬರನ್ನೂ ಇಳಿಸಿದರು. ತೆರವಾದ ಜಾಗದಲ್ಲಿ ನಾನು ಕುಳಿತೆ. ಸರಳು ಇನ್ನೂ ಒದ್ದೆಯಿತ್ತು.

ಮದುವೆಯಾದ ಹೊಸದರಲ್ಲಿ ಪುಟ್ಟಲಕ್ಷ್ಮಿಗೆ ನನ್ನ ಕೆಲಸವನ್ನು ಈ ನಾಲ್ಕನೇ ಸೀಟಿನಿಂದಲೇ ವಿವರಿಸಿದ್ದೆ. ಪ್ರೋಗ್ರಾಮನ್ನು ತುಂಡು ತುಂಡಾಗಿ ಬರೆಯುತ್ತೇವೆ. ಯಾವ ತುಂಡು ಡಬ್ಬಿಯೊಳಗಿನ ಚಿಪ್ಪಿನ ನೆನಪಿನಲ್ಲಿ ಯಾವ ವಿಳಾಸದಲ್ಲಿ ಕೂರಬೇಕೆಂದು ಕೊನೆಗೆ ನಿರ್ಧರಿಸುವುದು ಲಿಂಕರ್ ಎಂಬ ಇನ್ನೊಂದು ಪ್ರೋಗ್ರಾಮು. ನಮ್ಮ ಚಿಪ್ಪಿನಲ್ಲಿ ಇರುವುದು ಎರಡು ಸಾವಿರ ಚಿಲ್ಲರೆ ಬೈಟಿನ ಜಾಗ. ನಾಲ್ಕು ಬೈಟಿನ ಸಂಖ್ಯೆ ನಾಲ್ಕರಿಂದ ಭಾಗವಾಗುವ ವಿಳಾಸದಲ್ಲೇ ಕೂರುತ್ತದೆ, ಬೇರೆಲ್ಲೂ ಒಪ್ಪುವುದಿಲ್ಲ. ಅದಕ್ಕೆ ಮುಂಚೆ ಒಂದು ಬೈಟಿನ ಪುಡಿಯೊಂದು ಬಂದು ಕೂತಿದ್ದರೆ ಮಧ್ಯೆ ಮೂರು ಬೈಟು ಖಾಲಿ ಉಳಿಯುತ್ತದೆ. ಅಂಥ ಸಂದುಗಳು ಉದ್ದಕ್ಕೂ.

“ಅಂದ್ರೆ ಟಿಸಿ ಕೆಲಸ ಅನ್ನಿ,” ಎಂದಿದ್ದಳು. ಟಿಸಿ ಯಾರನ್ನೂ ಕೂರಿಸುವುದಿಲ್ಲ ಎಂದು ತಿದ್ದಿದ್ದೆ.

ನವೆಂಬರಿನಲ್ಲಿ ಶಶಿಕಾಂತನಿಗೆ ಡಬ್ಬಿಯಲ್ಲಿ ಪಾಳಿಗೆ ಎಷ್ಟು ಪೀಸು ಎಂಬ ಎಣಿಕೆ ಬೇಕಾಯಿತು. ಜಾಗವಿರಲಿಲ್ಲ. ಲಿಂಕರಿಗೆ ಒಂದು ಸಾಲಿನ ಆಜ್ಞೆ ಕೊಟ್ಟೆ: ದೊಡ್ಡವರನ್ನು ಮೊದಲು ಕೂರಿಸು, ಪುಡಿಗಳನ್ನೆಲ್ಲ ಕೊನೆಗೆ ಒತ್ತಾಗಿ ತುಂಬು. ಸಂದುಗಳೆಲ್ಲ ಮುಚ್ಚಿ ನಲವತ್ತಮೂರು ಬೈಟು ಸಿಕ್ಕಿತು. ಆ ಸಂಜೆ ಗ್ರಾಂಟ್ ರೋಡಿನ ಹೋಟೆಲಿನಲ್ಲಿ ಶಶಿಕಾಂತ ಎಲ್ಲರಿಗೂ ಮಸಾಲೆದೋಸೆ ಕೊಡಿಸಿದ್ದ.

ಇವತ್ತು ಇದನ್ನೆಲ್ಲ ಯಾಕೆ ಬರೆದೆ?

13 ಜನವರಿ, ಸೋಮವಾರ

ವರದಿ ಸಿದ್ಧವಾಯಿತು. ‘ಸೆನ್ಸರಿನ ಎದುರಿಗೇ ಹೊಳೆಯುವ ಟೇಪು ಅಂಟಿಸಲಾಗಿತ್ತು. ಬೆಳಕು ಕನ್ನಡಿಯವರೆಗೆ ಹೋಗದೆ ಟೇಪಿನಿಂದಲೇ ವಾಪಸಾಗಿ, ಕೈ ಇರುವುದು ಸೆನ್ಸರಿಗೆ ಕಾಣಲಿಲ್ಲ. ಇದು ಆಪರೇಟರನ ಕೃತ್ಯ.’ ಬೇಗ ಕೆಲಸ ಮುಗಿಸಲು ಕೆಲವರು ಹಾಗೆ ಮಾಡುವುದುಂಟು, ಅದು ಸುಳ್ಳಲ್ಲ.

ತಾಂತ್ರಿಕ ಸಹಿ: ಸೀತಾರಾಮ. ಅಂದರೆ ನಾನು.

16 ಜನವರಿ, ಗುರುವಾರ

ಸಯನ್ ಆಸ್ಪತ್ರೆ ನಮ್ಮ ಬಿಲ್ಡಿಂಗಿನಿಂದ ಏಳು ನಿಮಿಷ. ಬಾಳೆಹಣ್ಣು ತೆಗೆದುಕೊಂಡು ಹೋದೆ. ಆಪರೇಟರನಿಗೆ ನಲವತ್ತರ ಹತ್ತಿರ ವಯಸ್ಸು. ಮಣಿಕಟ್ಟಿನಿಂದ ಮುಂದಕ್ಕೆ ಬ್ಯಾಂಡೇಜಿನ ಉಂಡೆ. ಹೆಂಡತಿ ಮಹಾದೇವಿ ಕಟ್ಟಡದ ಕೆಲಸದವಳು, ಉಗುರಿನ ಸಂದಿಯಲ್ಲಿ ಸಿಮೆಂಟು. ಇಬ್ಬರೂ ವಿಜಯಪುರದ ಕಡೆಯವರು. ನಾನು ಕನ್ನಡದಲ್ಲಿ ಮಾತಾಡಿದ್ದಕ್ಕೆ ಅವನು ಎದ್ದು ಕೂರಲು ನೋಡಿದ.

“ಡಬ್ಬಿ ಮಾಡಾವ್ರು ನೀವ ಏನ್ರಿ ಸರ?”

ಹೌದೆಂದೆ.

“ಟೇಪ್ ನಾ ಹಚ್ಚಿಲ್ರಿ. ಹದಿನಾಕು ವರ್ಷ ಪ್ರೆಸ್ ಹೊಡದೀನಿ. ಕೈ ಒಳಗ ಹೋತಂದ್ರ ಕಲ್ಲಿದ್ದಂಗ ಇರತೈತಿ, ನಡಗೂದಿಲ್ಲ. ಅದಕ್ಕ ಸಿಕ್ಕ ಪಟ್ಟಿ ತೆಗಿಯಾಕ ಎಲ್ಲಾರೂ ನನ್ನ ಕರಿತಿದ್ರು. ಅವತ್ತೂ ಪಟ್ಟಿ ಸಿಕ್ಕಿತ್ತು. ಕೈ ಹಾಕಿದ್ನಿ.” ಸ್ವಲ್ಪ ಹೊತ್ತು ಉಂಡೆಯನ್ನೇ ನೋಡಿದ. “ಕಾಲಿಂದ ಗೊತ್ತಾಗವಲ್ದು. ನನ್ನ ಕಾಲ ಒತ್ತಿತೋ, ಮಶೀನ ತಾನ ಬಂತೋ. ಅದೊಂದು ಹೇಳ್ರಿ ಸರ. ನಿಮ್ಮ ಡಬ್ಬ್ಯಾಗ ಬರದಿರತೈತಿ ಅಂತಾರ.”

“ಏ, ಸಾಕ್ ಬಿಡು,” ಎಂದಳು ಮಹಾದೇವಿ. “ಒಂದ ವಾರಾ ಆತ್ರಿ, ಬರೇ ಕಾಲು, ಕಾಲು. ಕೈ ಹೋದಾಂವಾ ಕಾಲಿನ ಚಿಂತಿ ಮಾಡ್ತಾನ.”

ಅವನು ನಕ್ಕ. ನೋಡಿ ಹೇಳುತ್ತೇನೆ ಎಂದು ಬಂದೆ. ಬಾಳೆಹಣ್ಣನ್ನು ಅವನ ಬಲಗಡೆಗೆ ಇಟ್ಟುಬಿಟ್ಟಿದ್ದೆ.

19 ಜನವರಿ, ಭಾನುವಾರ

ಲಿಂಕರ್ ತನ್ನ ಕೆಲಸ ಮುಗಿಸಿದ ಮೇಲೆ ಒಂದು ಪಟ್ಟಿ ಬರೆದಿಡುತ್ತದೆ. ಯಾರು ಯಾವ ವಿಳಾಸದಲ್ಲಿ ಕೂತರು, ಯಾರ ಪಕ್ಕ ಯಾರು. ಅದನ್ನು ಮ್ಯಾಪ್ ಎನ್ನುತ್ತೇವೆ. ಸಾಮಾನ್ಯವಾಗಿ ಯಾರೂ ಓದುವುದಿಲ್ಲ. ಇವತ್ತು ಅಕ್ಟೋಬರಿನ ಮ್ಯಾಪನ್ನೂ ನವೆಂಬರಿನದನ್ನೂ ಅಡುಗೆಮನೆಯ ಮೇಜಿನ ಮೇಲೆ ಅಕ್ಕಪಕ್ಕ ಹರಡಿ ಓದಿದೆ.

ಆಪರೇಟರನ ಹೆಸರಿಗೆ ಹನ್ನೆರಡು ಬೈಟು ಇಟ್ಟಿದ್ದೇನೆ, ಇಂಗ್ಲಿಷ್ ಅಕ್ಷರಕ್ಕೊಂದು. ಹೆಸರು ಎಲ್ಲಿ ಮುಗಿಯಿತೆಂದು ಪ್ರೋಗ್ರಾಮಿಗೆ ತಿಳಿಯಲು ಕೊನೆಯಲ್ಲಿ ಒಂದು ಸೊನ್ನೆ ಬರೆಯಬೇಕು. ಆದ್ದರಿಂದ ಹೆಸರು ಹನ್ನೊಂದನ್ನು ಮೀರಬಾರದಿತ್ತು. ನಾನು ಹನ್ನೆರಡಕ್ಕೆ ಬಿಟ್ಟಿದ್ದೇನೆ. ಕಾಲೇಜಿನ ಮೊದಲ ವರ್ಷದವರು ಮಾಡುವ ತಪ್ಪು. ಹೆಸರಿಗೆ ಹನ್ನೆರಡು ಅಕ್ಷರವಿದ್ದರೆ ಸೊನ್ನೆ ಹದಿಮೂರನೆಯ ಬೈಟಿಗೆ, ಪಕ್ಕದ ಮನೆಗೆ ಬೀಳುತ್ತದೆ.

ಅಕ್ಟೋಬರಿನಲ್ಲಿ ಹೆಸರಿನ ಪಕ್ಕ ಮೂರು ಬೈಟು ಖಾಲಿಯಿತ್ತು. ಸೊನ್ನೆ ಅಲ್ಲಿ ಬೀಳುತ್ತಿತ್ತು. ಎರಡು ವರ್ಷ ಬಿದ್ದಿರಬಹುದು. ಯಾರಿಗೂ ನೋವಾಗಲಿಲ್ಲ.

ನವೆಂಬರಿನಲ್ಲಿ ಹೆಸರಿನ ಪಕ್ಕ ಬಂದು ಕೂತದ್ದು ಕೈಯ ಗುರುತು. ಒಂದೇ ಬೈಟು. ಬೆಳಕು ಕಡಿದ ಕ್ಷಣ ಅದು ಒಂದಾಗುತ್ತದೆ: ಕೈ ಒಳಗಿದೆ. ಸೊನ್ನೆಯಾದರೆ: ಕೈ ಇಲ್ಲ, ಬೀಳಬಹುದು. ಐದು ಸೆಕೆಂಡಿಗೊಮ್ಮೆ ಡಬ್ಬಿ ಪರದೆಯ ಮೇಲೆ ಹೆಸರನ್ನು ಹೊಸದಾಗಿ ಬರೆಯುತ್ತದೆ. ಬರೆದಾಗಲೆಲ್ಲ ಕೈಯ ಗುರುತಿನ ಮೇಲೆ ಸೊನ್ನೆ.

ಶಿವಪುತ್ರ ಎಂದು ಇಂಗ್ಲಿಷಿನಲ್ಲಿ ಬರೆದರೆ ಹತ್ತು. ನಡುವೆ ಒಂದು ಜಾಗ. ಎಂ. ಬೆರಳಿನಲ್ಲಿ ಎಣಿಸಿದೆ. ಎರಡು ಸಲ.

ಪುಟ್ಟಲಕ್ಷ್ಮಿ ಕಾಫಿ ತಂದು ಕಾಗದದ ಮೇಲಿಟ್ಟಳು. ಲೋಟ ಗೋಡೆಗೆ ಹೋಯಿತು.

21 ಜನವರಿ, ಮಂಗಳವಾರ

ಆಫೀಸಿನಲ್ಲಿ ಎರಡು ಟನ್ನಿನ ಟೆಸ್ಟ್ ಪ್ರೆಸ್ಸು ಇದೆ. ಮಲಾಡ್ ಮಾರ್ಕೆಟ್ಟಿನಿಂದ ಸೌತೆಕಾಯಿ ತಂದೆ. ಪರದೆಯಲ್ಲಿ ‘ಅನಿಲ’ ಎಂದು ಹಾಕಿ, ಸೌತೆಕಾಯಿಯನ್ನು ಅಚ್ಚಿನ ಕೆಳಗೆ ಇಟ್ಟು ಇಪ್ಪತ್ತು ಸಲ ಪೆಡಲ್ ಒತ್ತಿದೆ. ಬೀಳಲಿಲ್ಲ. ‘ಶಿವಪುತ್ರ ಎಂ’ ಎಂದು ಹಾಕಿದೆ. ಮೊದಲ ಸಲ ಬೀಳಲಿಲ್ಲ. ಆರು ಸೆಕೆಂಡು ಕಾದು ಒತ್ತಿದೆ. ಬಿತ್ತು. ಬೀಜ ನನ್ನ ಕನ್ನಡಕಕ್ಕೆ ಸಿಡಿಯಿತು. ಸೌತೆಕಾಯಿ ಅಲುಗದೆ ಇರುತ್ತದಲ್ಲ, ಬೆಳಕು ಒಮ್ಮೆ ಕಡಿದರೆ ಮತ್ತೆ ಕಡಿಯುವುದಿಲ್ಲ, ಅಳಿಸಿದ ಗುರುತು ಅಳಿಸಿಯೇ ಇರುತ್ತದೆ. ಕಲ್ಲಿನಂತೆ ಇರುವ ಕೈಯೂ ಹಾಗೆ.

ಒಟ್ಟು ಹದಿನೇಳು ಸೌತೆಕಾಯಿ. ಖಾತ್ರಿಯಾಗಲು ಮೂರು ಸಾಕಿತ್ತು.

23 ಜನವರಿ, ಗುರುವಾರ

ಶಶಿಕಾಂತನಿಗೆ ಎಲ್ಲ ತೋರಿಸಿದೆ. ಈ ಪ್ರೋಗ್ರಾಮು ಮೂವತ್ತೊಂದು ಪ್ರೆಸ್ಸುಗಳಲ್ಲಿ ಇದೆ, ಇವತ್ತೇ ಎಲ್ಲ ನಿಲ್ಲಿಸಬೇಕು ಎಂದೆ. ಅವನು ಚಹಾದಲ್ಲಿ ಬಿಸ್ಕತ್ತು ಅದ್ದುತ್ತ ಕೇಳಿದ.

“ಅರೆ ಸೀತಾರಾಮ್, ಹನ್ನೆರಡ ಅಕ್ಷರದ ಹೆಸರು ಎಷ್ಟ ಮಂದಿಗಿ ಇರತೈತಿ? ಇಲ್ಲಿ ಎಲ್ಲಾ ರಾಜು, ಪಪ್ಪು, ಸೋನು. ಫೋನ್ ಹಚ್ಚಿ ಹೇಳ್ತೀನಿ, ಹೆಸರು ಛೋಟಾ ಕರೋ ಭಾಯ್ ಅಂತ. ಪ್ರಾಬ್ಲೆಮ್ ಖತಮ್.”

“ಯಾಕೆ ಅಂತ ಕೇಳ್ತಾರೆ.”

“ಪರದೆ ಮ್ಯಾಲ ಛಂದ ಕಾಣೂದಿಲ್ಲ ಅಂತೀನಿ. ನೀ ಟೆನ್ಶನ್ ಮತ್ ಲೋ. ವರದಿ ಒಳಗ ನಿನ್ನ ಸಹಿ ಐತಿ, ನಂದಿಲ್ಲ. ನಿನ್ನ ಸಲುವಾಗೇ ಹೇಳಾಕ್ಹತ್ತೀನಿ.”

ನವೆಂಬರಿನಲ್ಲಿ ಅವನೇ ಆಡಿದ್ದ ಮಾತನ್ನು ನೆನಪಿಸಿದೆ, ಖಾಲಿ ಬಿಡುವುದಕ್ಕೆ ಇದೇನು ಶಿವಾಜಿ ಪಾರ್ಕಾ ಎಂದದ್ದು. ಬಿಸ್ಕತ್ತು ಚಹಾದೊಳಗೆ ಮುರಿದು ಬಿತ್ತು. “ನಾನಾ? ನನಗ ಬೈಟು ಅಂದ್ರ ಏನಂತನೂ ಗೊತ್ತಿಲ್ಲ ಮಾರಾಯಾ,” ಎಂದ. ಸುಳ್ಳು ಹೇಳುವಾಗ ಅವನು ಚಮಚ ಹುಡುಕುತ್ತಾನೆ. ಹುಡುಕಿದ.

24 ಜನವರಿ, ಶುಕ್ರವಾರ

ಮಹಾದೇವಿ ಆಫೀಸಿನ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ವರದಿಯ ಪ್ರತಿ, ಇನ್ನೊಂದು ಕೈಯಲ್ಲಿ ಸ್ಟೀಲ್ ಡಬ್ಬಿ.

“ಕನ್ನಡದಾಗ ಮಾತಾಡಿ ಹ್ವಾದ್ರಿ. ಬಾಳಿಹಣ್ಣ ಕೊಟ್ಟ ಹ್ವಾದ್ರಿ. ಈ ಸಹಿ ನಿಮ್ಮದೇನ್ರಿ?”

“ಹೌದು.”

ಡಬ್ಬಿ ನನ್ನ ಹುಬ್ಬಿನ ಮೇಲೆ ಬಿತ್ತು. ಎರಡನೆಯದು ಕಿವಿಗೆ. ಮುಚ್ಚಳ ಕಿತ್ತು ಜೋಳದ ರೊಟ್ಟಿ ನೆಲಕ್ಕೆ ಬಿದ್ದವು. ಅವಳು ಕುಳಿತು ಒಂದೊಂದೇ ಆರಿಸಿ ಸೆರಗಿನಿಂದ ಒರೆಸಿ ವಾಪಸು ಇಟ್ಟುಕೊಂಡಳು. “ಅಂವಗ ತಿನಿಸಬೇಕು,” ಎಂದಳು, ನನಗಲ್ಲ.

ಮೂರು ಹೊಲಿಗೆ. ಸಂಜೆಯ ಲೋಕಲಿನಲ್ಲಿ ಒಬ್ಬ ನಾಲ್ಕನೇ ಸೀಟು ಕೇಳುತ್ತಾ ನನ್ನ ತೊಡೆಯ ಪಕ್ಕ ಕೈ ಊರಿದ. ಅವನ ಕಿರುಬೆರಳು ನನ್ನ ಮುಷ್ಟಿಯಲ್ಲಿತ್ತು. ಹಸಿ ಹುರುಳಿಕಾಯಿ ಮುರಿದಷ್ಟೇ ಸದ್ದು. ಬಾಂದ್ರಾದಲ್ಲಿ ಅವನು ಇಳಿದ, ಆಮೇಲೆ ಕಾಲು ಚಾಚಿ ಕೂರಲು ಸಾಧ್ಯವಾಯಿತು.

26 ಜನವರಿ, ಭಾನುವಾರ

ಕೆಳಗೆ ಸೊಸೈಟಿಯವರು ಬಾವುಟ ಹಾರಿಸುತ್ತಿದ್ದಾರೆ. ಪುಟ್ಟಲಕ್ಷ್ಮಿ ಮಾಟುಂಗಾದ ತಂಗಿಯ ಮನೆಗೆ ಹೋದಳು. ಬ್ಯಾಗು ದೊಡ್ಡದಿತ್ತು.

“ಎರಡು ದಿನಕ್ಕೆ ಇಷ್ಟು ಸೀರೆನಾ?” ಎಂದೆ.

“ತೋಳು ಮುಚ್ಚೋ ರವಿಕೆ ಎಲ್ಲಾ ತಗೊಂಡಿದೀನಿ, ಕಣ್ರೀ. ಅವಳು ಕೇಳ್ತಾಳೆ. ಏನೂಂತ ಹೇಳಲಿ?”

ಜನವರಿಯಲ್ಲಿ ಮುಂಬಯಿಯವರು ಸ್ವಲ್ಪ ಚಳಿ ಬಿದ್ದರೂ ಮೈ ಮುಚ್ಚುತ್ತಾರೆ. ಹಾಗೇ ಹೇಳು ಎಂದೆ. ಅವಳು ನನ್ನನ್ನು ನೋಡಿದ ರೀತಿ ನನಗೆ ಅರ್ಥವಾಗಲಿಲ್ಲ.

ಅವಳು ಹೋದ ಮೇಲೆ ಹೊಳೆಯಿತು. ಆ ಶೆಡ್ಡಿನಲ್ಲಿ ಬರಿಯ ‘ಶಿವಪುತ್ರ’ ಎಂದು ಹಾಕಿದ್ದರೆ ಹತ್ತೇ ಅಕ್ಷರ, ಏನೂ ಆಗುತ್ತಿರಲಿಲ್ಲ. ಎಂ ಯಾಕೆ ಸೇರಿಸಿದರು? ಒಂದೇ ಊರಿನಿಂದ ಬಂದವರು, ಒಂದೇ ಮಠಕ್ಕೆ ನಡೆದುಕೊಳ್ಳುವವರು, ಒಂದೇ ಹೆಸರು ಇಡುತ್ತಾರೆ. ಶೆಡ್ಡಿನಲ್ಲಿ ಇನ್ನೊಬ್ಬ ಶಿವಪುತ್ರ ಇದ್ದಾನೆ.

28 ಜನವರಿ, ಮಂಗಳವಾರ

ಇದ್ದಾನೆ. ಆರನೆಯ ಪ್ರೆಸ್ಸು. ಪರದೆಯ ಮೇಲೆ ‘ಶಿವಪುತ್ರ ಕೆ’. ಶಶಿಕಾಂತ ಫೋನು ಮಾಡಿದ್ದನೇ ಎಂದು ಸೂಪರ್‌ವೈಜರನನ್ನು ಕೇಳಿದೆ. ಮಾಡಿದ್ದನಂತೆ, ಇವನು ನೋಡೋಣ ಎಂದಿದ್ದನಂತೆ. “ಹೆಸರು ಚಿಕ್ಕದಾದ್ರೆ ಯಾರ ಪೀಸು ಯಾರ ಲೆಕ್ಕಕ್ಕೆ ಅಂತ ಇಬ್ರೂ ಜಗಳ ಆಡ್ತಾರೆ, ಸಾಬ್,” ಎಂದು ಹಿಂದಿಯಲ್ಲಿ ಹೇಳಿದ. ಇಬ್ಬರಲ್ಲಿ ಒಬ್ಬ ಈಗಿಲ್ಲವಲ್ಲ ಎಂದೆ. ಹೌದಲ್ಲ ಎಂದು ಅವನಿಗೂ ಆಶ್ಚರ್ಯವಾಯಿತು. ಆದರೆ ಕುರ್ಚಿಯಿಂದ ಏಳಲಿಲ್ಲ.

ಆರನೆಯ ಪ್ರೆಸ್ಸಿನವನು ಇಪ್ಪತ್ತೈದರ ಆಳು. ಕೈ ಒಳಗಿತ್ತು. ನಾನು ಪೆಟ್ಟಿಗೆಯಿಂದ ದೊಡ್ಡ ಸ್ಪ್ಯಾನರ್ ತೆಗೆದುಕೊಂಡು ಪರದೆಗೆ ಹೊಡೆದೆ. ಆಮೇಲೆ ಡಬ್ಬಿಗೆ. ಆಮೇಲೆ ಬೋರ್ಡಿಗೆ, ಚಿಪ್ಪು ಪುಡಿಯಾಗುವವರೆಗೆ. ತಡೆಯಲು ಬಂದವನ ಮೊಣಕೈಗೂ ಒಂದು ಬಿತ್ತು. ಆಮೇಲೆ ಅವರು ಆರು ಜನ ನನ್ನನ್ನು ಹೊಟ್ಟಿನ ರಾಶಿಯ ಮೇಲೆ ಹಾಕಿ ತುಳಿದರು. ಒಬ್ಬನ ಬೂಟು ಪಕ್ಕೆಗೆ ಬಿದ್ದಾಗಲೆಲ್ಲ ಒಳಗೆ ಏನೋ ಜಾಗ ಬದಲಿಸುತ್ತಿತ್ತು. ಹೊಟ್ಟು ಹೊಸದು, ಒಳ್ಳೆಯ ವಾಸನೆ.

“ಹೊಡೀಬ್ಯಾಡ್ರೋ, ಸಾಯ್ತಾನಂವಾ!” ಎಂದು ಕೂಗಿದವನು ಶಿವಪುತ್ರ ಕೆ. ಅವನ ಎರಡು ಕೈಯೂ ಕಾಣುತ್ತಿದ್ದವು.

30 ಜನವರಿ, ಗುರುವಾರ

ಎರಡು ಪಕ್ಕೆಲುಬು. ಉಸಿರು ಅರ್ಧಕ್ಕೇ ನಿಲ್ಲುತ್ತದೆ.

ಶಶಿಕಾಂತ ಆರನೆಯ ಪ್ರೆಸ್ಸಿಗೆ ನಿನ್ನೆ ಹೊಸ ಡಬ್ಬಿ ಕಳಿಸಿದ್ದಾನೆ. ಅದೇ ಪ್ರೋಗ್ರಾಮು.

31 ಜನವರಿ, ಶುಕ್ರವಾರ

ಬೆಳಿಗ್ಗೆ ಟೆಸ್ಟ್ ಪ್ರೆಸ್ಸಿಗೆ ಸರಿಪಡಿಸಿದ ಪ್ರೋಗ್ರಾಮು ಹಾಕಿದೆ. ಆದ್ದರಿಂದ ಆಮೇಲೆ ನಡೆದದ್ದರಲ್ಲಿ ಯಾರಿಗೂ ಅಪಾಯವಿರಲಿಲ್ಲ. ಇದನ್ನು ಮೊದಲೇ ಬರೆದಿಡುತ್ತೇನೆ.

ಹನ್ನೊಂದಕ್ಕೆ ಶಶಿಕಾಂತನನ್ನು ಕರೆದೆ. ಪರದೆಯ ಮೇಲೆ ‘ಶಶಿಕಾಂತ’, ಒಂದು ಜಾಗ, ‘ಡಿ’ ಎಂದು ಹಾಕಿದ್ದೆ. ಅವನದೂ ಇಂಗ್ಲಿಷಿನಲ್ಲಿ ಹತ್ತಕ್ಷರ ಎಂದು ಇವತ್ತು ಎಣಿಸಿದಾಗಲೇ ಗೊತ್ತಾದದ್ದು.

“ಮಶೀನು ಸೇಫ್ ಅಲ್ವಾ?” ಎಂದೆ.

“ನೂರಕ್ಕ ನೂರು.”

ಅವನ ಮಣಿಕಟ್ಟು ಹಿಡಿದು ಕೈಯನ್ನು ಅಚ್ಚಿನ ಕೆಳಗೆ ಇಟ್ಟೆ. ಮೊದಲು ನಕ್ಕ. “ಏ, ಮಸ್ಕರಿ ಸಾಕು.” ನನ್ನ ಭಾರವನ್ನೆಲ್ಲ ಅವನ ತೋಳಿನ ಮೇಲೆ ಹಾಕಿದ್ದೆ, ಪಕ್ಕೆಲುಬು ಮುರಿದಿದ್ದರೆ ನೆಟ್ಟಗೆ ನಿಲ್ಲಲಾಗುವುದಿಲ್ಲ. ಹೆಸರು ಒಮ್ಮೆ ಮಿನುಗಿ ಹೊಸದಾಗಿ ಮೂಡಿತು. ಐದು ಸೆಕೆಂಡು. ಮತ್ತೊಮ್ಮೆ. ಈಗ ಅವನು ಚೀರತೊಡಗಿದ. ಮರಾಠಿಯಲ್ಲಿ, ಆಮೇಲೆ ಕನ್ನಡದಲ್ಲಿ. “ಸೀತಾರಾಮ, ನಿನ್ನ ಕಾಲ ಬೀಳ್ತೀನಿ, ಬಿಡಪ್ಪಾ, ನಿನ್ನ ಕಾಲ…” ಪ್ಯಾಂಟು ಒದ್ದೆಯಾಗಿ ನನ್ನ ಚಪ್ಪಲಿಯವರೆಗೆ ಬಂತು.

“ಮೂವತ್ತೊಂದು,” ಎಂದೆ.

ಎಡಗೈಯಿಂದ ಫೋನು ತೆಗೆದು ಒಂದೊಂದೇ ಶೆಡ್ಡಿಗೆ ಕರೆಮಾಡಿದ. ಮೇನ್ ಸ್ವಿಚ್ ತೆಗೀರಿ, ಈಗಿಂದೀಗ, ಹೌದು ಎಲ್ಲಾ. ಹನ್ನೊಂದನೆಯ ಕರೆಯ ಹೊತ್ತಿಗೆ ಅವನ ಧ್ವನಿ ಸಾಮಾನ್ಯವಾಗಿತ್ತು. ಅಚ್ಚಿನ ಕೆಳಗಿನ ಕೈ ಮಾತ್ರ ಕೊನೆಯವರೆಗೂ ನಡುಗುತ್ತಿತ್ತು.

ಅವನ ಮಣಿಕಟ್ಟಿನಲ್ಲಿ ಬಿರುಕಂತೆ. ಅಷ್ಟೊಂದು ಬಿಗಿಯಾಗಿ ಹಿಡಿದಿರಲಿಲ್ಲ.

2 ಫೆಬ್ರವರಿ, ಭಾನುವಾರ

ಕಾರ್ಖಾನೆ ಇನ್‌ಸ್ಪೆಕ್ಟರಿಗೆ ಪತ್ರ ಬರೆದೆ. ನನ್ನ ಸಹಿಯ ವರದಿ ಸುಳ್ಳು, ಟೇಪು ಅಂಟಿಸಿದ್ದು ಅಪಘಾತದ ನಂತರ, ನಾನು ನೋಡಿದ್ದೇನೆ. ‘ನೋಡಿದ್ದೇನೆ’ ಎಂಬಲ್ಲಿ ಪೆನ್ನು ನಿಂತಿತು. ಕಿಟಕಿ ಅಷ್ಟು ದೂರವೇನೂ ಇರಲಿಲ್ಲ; ಗಾಜಿನಲ್ಲಿ ಶಶಿಕಾಂತನ ಕೈ ಕಾಣುತ್ತಿತ್ತು.

ಸಂದುಗಳನ್ನು ಮುಚ್ಚಲು ಹೇಳಿದ್ದು ಶಶಿಕಾಂತ ಎಂದು ಸೇರಿಸಲು ನವೆಂಬರಿನ ಇಮೇಲುಗಳನ್ನು ತೆಗೆದೆ. ಶಿವಾಜಿ ಪಾರ್ಕು ಸಿಕ್ಕಿತು. ‘ಮೂರು ಮೂರು ಬೈಟು ಖಾಲಿ ಬಿಡೋಕೆ ಇದೇನು ಶಿವಾಜಿ ಪಾರ್ಕಾ? ಎಲ್ಲ ಒತ್ತಿ ಕೂರಿಸ್ತೀನಿ, ಯಾವ ಅಪಾಯವೂ ಇಲ್ಲ.’ ಮುಂದೆ ನಗುವ ಹಳದಿ ಮುಖ. ಕಳಿಸಿದವನು ನಾನು. ಶಶಿಕಾಂತ ‘ಓಕೆ’ ಎಂದಷ್ಟೇ ಉತ್ತರಿಸಿದ್ದಾನೆ.

ಅದನ್ನೂ ಪತ್ರದ ಜೊತೆ ಲಗತ್ತಿಸಿದೆ. ಪುಟ್ಟಲಕ್ಷ್ಮಿಗೆ ಫೋನು ಮಾಡಿದೆ. ತಂಗಿ ಎತ್ತಿದಳು. ಅಕ್ಕ ಮಲಗಿದ್ದಾಳೆ ಎಂದಳು, ಬೆಳಗಿನ ಹತ್ತು ಗಂಟೆಗೆ.

6 ಫೆಬ್ರವರಿ, ಗುರುವಾರ

ಮೂವತ್ತೊಂದೂ ಬದಲಾಯಿತು. ಹೆಸರಿನ ಎರಡೂ ಕಡೆ ಹದಿನಾರು ಬೈಟು ಖಾಲಿ ಬಿಟ್ಟಿದ್ದೇನೆ, ಪಾಳಿ ಎಣಿಕೆ ತೆಗೆದುಹಾಕಿದ್ದೇನೆ. ಸಾಕಿನಾಕಾದಲ್ಲಿ ಯಾರೂ ಮಾತಾಡಿಸಲಿಲ್ಲ. ಮೊಣಕೈಗೆ ಕಟ್ಟು ಹಾಕಿಕೊಂಡವನೊಬ್ಬ ಪಕ್ಕಕ್ಕೆ ಸರಿದು ದಾರಿ ಬಿಟ್ಟ, ನಾಯಿಗೆ ಬಿಡುವ ಹಾಗೆ.

ಆಸ್ಪತ್ರೆಗೆ ಹೋದೆ. ಅವನ ಕಾಟಿನಲ್ಲಿ ಬೇರೆ ಯಾರೋ ಮಲಗಿದ್ದರು. ಸೋಮವಾರವೇ ಬಿಟ್ಟರಂತೆ. ಶಿವಪುತ್ರ ಕೆಗೆ ಫೋನು ಮಾಡಿದೆ. “ಖೋಲಿ ಖಾಲಿ ಮಾಡ್ಕೊಂಡ ಹ್ವಾದ್ರಿ ಸರ. ಎಲ್ಲಿಗಿ ಅಂತ ಹೇಳಲಿಲ್ಲ. ಊರಿಗಿ ಹೋಗಿಲ್ಲ, ಅದು ಖರೆ. ಊರಾಗ ಎಲ್ಲಾರೂ ಟೇಪ್ ಹಚ್ಚಿದಾಂವಾ ಅಂತಾರಲ್ರಿ.” ನಂಬರು ಕೊಟ್ಟ. ಬಂದ್ ಇದೆ.

ಹೇಳಬೇಕಾದದ್ದನ್ನು ಸಿದ್ಧಮಾಡಿಕೊಂಡು ಹೋಗಿದ್ದೆ. ಕಾಲು ಒತ್ತಿತು, ಶಿವಪುತ್ರ. ಪೆಡಲಿಲ್ಲದೆ ಪ್ರೆಸ್ಸು ಬೀಳುವುದಿಲ್ಲ. ಬೆಳಗಿನಿಂದ ಸಾವಿರಾರು ಸಲ ಒತ್ತಿದ ಕಾಲು ಇನ್ನೊಂದು ಸಲ ಒತ್ತಿತು, ಕಾಲಿನ ಕೆಲಸವೇ ಅದು. ಆ ಒಂದು ಸಲ ಅದರ ಮಾತು ಕೇಳದಿರುವುದು ನನ್ನ ಕೆಲಸವಾಗಿತ್ತು.

9 ಫೆಬ್ರವರಿ, ಭಾನುವಾರ

ಆಫೀಸಿನಲ್ಲಿ ಯಾರೂ ಇಲ್ಲ. ನಾಳೆಯಿಂದ ನಾನೂ ಇರುವುದಿಲ್ಲ. ಟೆಸ್ಟ್ ಪ್ರೆಸ್ಸಿನ ಡಬ್ಬಿಯನ್ನು ಅಳಿಸುವ ಮುಂಚೆ ಅಭ್ಯಾಸದಂತೆ ಒಳಗಿರುವುದನ್ನು ಓದಿಕೊಂಡೆ.

ಮೂವತ್ತೊಂದನೇ ತಾರೀಖು ಅದರಲ್ಲಿದ್ದದ್ದು ಸರಿಪಡಿಸಿದ ಪ್ರೋಗ್ರಾಮಲ್ಲ. ನವೆಂಬರಿನದು. ಒತ್ತಿ ತುಂಬಿದ್ದು. ಸರಿಪಡಿಸಿದ್ದು ನನ್ನ ಮೇಜಿನ ಮೇಲಿನ ಇನ್ನೊಂದು ಚಿಪ್ಪಿನಲ್ಲಿದೆ. ಅದರ ಮೇಲೆ ನಾನೇ ಹಸಿರು ಚೀಟಿ ಅಂಟಿಸಿದ್ದೇನೆ.

ಡಬ್ಬಿ ತಾನು ತಡೆದ ಪೆಡಲುಗಳನ್ನು ಬರೆದಿಡುತ್ತದೆ. ಆ ದಿನ ಹನ್ನೊಂದು ಗಂಟೆ ನಾಲ್ಕು ನಿಮಿಷದಿಂದ ಆರು ನಿಮಿಷದೊಳಗೆ ಮೂರು ಸಲ. ಶಶಿಕಾಂತನ ಕಾಲು ಅತ್ತ ಇತ್ತ ಒದೆಯುತ್ತಿತ್ತು, ಆದರೆ ಪೆಡಲ್ ಇರುವುದು ನಾನು ನಿಂತಿದ್ದ ಕಡೆ. ಮೂರು ಸಲವೂ ಪ್ರೆಸ್ಸು ಬೀಳಲಿಲ್ಲ. ಕಾರಣ ಸರಳ: ಅವನ ಕೈ ನಡುಗುತ್ತಿತ್ತು. ನಡುಗುವ ಕೈ ಬೆಳಕನ್ನು ಮತ್ತೆ ಮತ್ತೆ ಕಡಿಯುತ್ತದೆ. ಹೆಸರು ಗುರುತನ್ನು ಅಳಿಸಿದಾಗಲೆಲ್ಲ ನಡುಕ ಅದನ್ನು ಮತ್ತೆ ಬರೆಯಿತು. ತಾಂತ್ರಿಕವಾಗಿ ಇದನ್ನು ಮೊದಲೇ ಊಹಿಸಬಹುದಿತ್ತು. ಬರೆದುಕೊಂಡೆ.

ಆ ಎರಡು ನಿಮಿಷ ನನ್ನ ಎಡಗಾಲು ಎಲ್ಲಿತ್ತೆಂದು ಎಷ್ಟು ಯೋಚಿಸಿದರೂ ನೆನಪಿಲ್ಲ. ಬಲಗಾಲು ಅವನ ಪಾದದ ಮೇಲಿತ್ತು, ಅದು ಗೊತ್ತು.

ಶಿವಪುತ್ರ, ಆ ದಿನ ಪೆಡಲಿನ ಮೇಲಿದ್ದ ಕಾಲು ನಿನ್ನದೆಂದು ನಿನಗೆ ಗೊತ್ತಾಗಿತ್ತೇ?